ಪಠ್ಯಪುಸ್ತಕಕ್ಕೊಂದು ಡಿಜಿಟಲ್ ಪ್ರಶ್ನೆಕೋಠಿ: ಕಟ್ಟುವುದು ಹೇಗೆ, ಸೋರದ ಹಾಗೆ ಹಂಚುವುದು ಹೇಗೆ

ನಾವು ಮಾಡಿದ ಮೊದಲ ಪ್ರಶ್ನೆಕೋಠಿ ಒಂದು ವಾರ ಕೂಡ ಗುಟ್ಟಾಗಿ ಉಳಿಯಲಿಲ್ಲ. ಹತ್ತನೇ ತರಗತಿ ವಿಜ್ಞಾನದ ಅಭ್ಯಾಸ ಪುಸ್ತಕದ ಜೊತೆ, ಮೇಷ್ಟ್ರುಗಳಿಗೆ ಅಂತಲೇ, 400 ಪ್ರಶ್ನೆಗಳ ಒಂದು ಜಿಪ್ ಫೈಲ್ ಮಾಡಿದ್ದೆವು. ಎಲ್ಲರಿಗೂ ಒಂದೇ ಪಾಸ್‌ವರ್ಡ್. ಅದನ್ನು ಶಿಕ್ಷಕರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೂ ನಾವೇ, ಅದರ ಕೆಳಗೇ ಪಾಸ್‌ವರ್ಡ್ ಟೈಪ್ ಮಾಡಿದ್ದೂ ನಾವೇ. ಆರನೇ ದಿನ ಫೈಲು ಟೆಲಿಗ್ರಾಂ ಚಾನೆಲ್ ಒಂದರಲ್ಲಿತ್ತು, ಕೀ ಉತ್ತರದ ಸಮೇತ. ಯಾರು ಹಾಕಿದರು ಅಂತ ಪತ್ತೆ ಮಾಡಲು ದಾರಿಯೇ ಇರಲಿಲ್ಲ, ಯಾಕೆಂದರೆ ಎಲ್ಲರ ಹತ್ತಿರ ಇದ್ದದ್ದೂ ಅದೇ ಫೈಲು.

ಅಲ್ಲಿಂದ ಈಚೆಗೆ ಕಲಿತದ್ದನ್ನು ಬರೆಯುತ್ತಿದ್ದೇನೆ. ಸಣ್ಣ ಪ್ರಕಾಶನ ನಡೆಸುವವರಿಗೆ, ಪುಸ್ತಕ ಬರೆಯುವ ಮೇಷ್ಟ್ರುಗಳಿಗೆ ಉಪಯೋಗ ಆಗಬಹುದು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಸೋರುವುದೇ ಇಲ್ಲ ಅನ್ನುವ ಪ್ರಶ್ನೆಕೋಠಿ ಎಲ್ಲೂ ಇಲ್ಲ. ಸೋರಿದರೂ ನಷ್ಟ ಕಡಿಮೆ ಆಗಬೇಕು, ಸೋರಿದ್ದು ಎಲ್ಲಿಂದ ಅಂತ ಗೊತ್ತಾಗಬೇಕು. ಕೆಲಸವನ್ನೆಲ್ಲ ಇದೇ ಲೆಕ್ಕದಲ್ಲಿ ಹೊಂದಿಸಿಕೊಳ್ಳಿ.

ಅಮೆರಿಕದಲ್ಲಿ ಪಿಯರ್ಸನ್, ಮೆಗ್ರಾ ಹಿಲ್, ಸೆಂಗೇಜ್ ಥರದ ದೊಡ್ಡ ಪ್ರಕಾಶಕರು ಕಾಲೇಜು ಪುಸ್ತಕದ ಜೊತೆ ಟೆಸ್ಟ್ ಬ್ಯಾಂಕ್, ಅಂದರೆ ಪ್ರಶ್ನೆಕೋಠಿ, ಕೊಡುವುದು ಹಳೆಯ ರೂಢಿ. ಪುಸ್ತಕವನ್ನು ಕ್ಲಾಸಿಗೆ ಗೊತ್ತುಮಾಡಿದ ಪ್ರೊಫೆಸರಿಗೆ ಅದು ಪುಕ್ಕಟೆ, ಅವರು ನಿಜವಾಗಿ ಪಾಠ ಮಾಡುವವರೇ ಅಂತ ಖಾತ್ರಿ ಆದಮೇಲೆ ಮಾತ್ರ. ಅಷ್ಟು ದುಡ್ಡು, ಅಷ್ಟು ವಕೀಲರು ಇರುವವರ ಟೆಸ್ಟ್ ಬ್ಯಾಂಕುಗಳೂ ಇಂಟರ್ನೆಟ್ಟಿನಲ್ಲಿ ಕದ್ದು ಮಾರಾಟ ಆಗುತ್ತವೆ. ನಮ್ಮಲ್ಲಿ ರಾಜ್ಯ ಪಠ್ಯಕ್ರಮದ ಪುಸ್ತಕ ಸರ್ಕಾರದ್ದು. ಖಾಸಗಿಯವರ ಪಾಲಿಗೆ ಬರುವುದು ಅಭ್ಯಾಸ ಪುಸ್ತಕ, ಗೈಡು, ಮತ್ತೆ ಡಿಗ್ರಿ ಪುಸ್ತಕಗಳು. ಕೆಲಸದ ರೀತಿ ಮಾತ್ರ ಎರಡೂ ಕಡೆ ಒಂದೇ.

ಎರಡು ಕೋಠಿ ಮಾಡಿ, ಒಂದಲ್ಲ

ನಾವು ಮಾಡಿದ ಮೊದಲ ತಪ್ಪು ಇದು. ಮಕ್ಕಳ ಅಭ್ಯಾಸಕ್ಕೂ ಮೇಷ್ಟ್ರ ಪರೀಕ್ಷೆಗೂ ಒಂದೇ ಕೋಠಿ ಇಟ್ಟಿದ್ದೆವು. ಮಕ್ಕಳಿಗೆ ಅಭ್ಯಾಸಕ್ಕೆ ಪ್ರಶ್ನೆ ಬೇಕು, ಅದು ನ್ಯಾಯವಾದ ಬೇಡಿಕೆ. ನೀವು ಕೊಡದಿದ್ದರೆ ಮೇಷ್ಟ್ರ ಫೈಲನ್ನೇ ಹುಡುಕುತ್ತಾರೆ. ಹಾಗಾಗಿ ಒಂದಷ್ಟು ಪ್ರಶ್ನೆಗಳನ್ನು, ವಿವರಣೆ ಸಮೇತ, ಬಾಗಿಲು ತೆರೆದು ಎಲ್ಲರಿಗೂ ಕೊಟ್ಟುಬಿಡಿ. ಇನ್ನೊಂದು ಕೋಠಿ ಶಿಕ್ಷಕರಿಗೆ ಮಾತ್ರ. ಒಂದರ ಪ್ರಶ್ನೆ ಇನ್ನೊಂದರಲ್ಲಿ ಬರಬಾರದು. ತೆರೆದ ಕೋಠಿ ಚೆನ್ನಾಗಿದ್ದಷ್ಟೂ ಮುಚ್ಚಿದ ಕೋಠಿಯ ಮೇಲೆ ಕಣ್ಣು ಕಡಿಮೆ.

ಪ್ರಶ್ನೆ ಬರೆಸುವುದು

ಮೊದಲು ನೀಲನಕ್ಷೆ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯವರು ಎಸ್ಸೆಸ್ಸೆಲ್ಸಿ, ಪಿಯುಸಿ ವಿಷಯಗಳಿಗೆ ನೀಲನಕ್ಷೆ, ಮಾದರಿ ಪತ್ರಿಕೆ ಎಲ್ಲ ಬಿಡುತ್ತಾರಲ್ಲ, ಅದನ್ನೇ ಹಿಡಿದುಕೊಳ್ಳಿ. ಯಾವ ಘಟಕದಿಂದ ಎಷ್ಟು ಅಂಕ, ಅದರಲ್ಲಿ ಸ್ಮರಣೆ ಎಷ್ಟು, ತಿಳಿವಳಿಕೆ ಎಷ್ಟು, ಅನ್ವಯ ಎಷ್ಟು. ಅದನ್ನು ನೋಡದೆ ಬರೆಸಿದರೆ ನೂರಕ್ಕೆ ಎಂಬತ್ತು ಪ್ರಶ್ನೆ "ಇವರಲ್ಲಿ ಯಾರು", "ಯಾವ ವರ್ಷ" ಅಂತಲೇ ಬರುತ್ತವೆ. ಬರೆಯಲು ಅವೇ ಸುಲಭ, ಅಲ್ವಾ.

ಬರೆಯುವವರು ಪಾಠ ಮಾಡುತ್ತಿರುವ ಮೇಷ್ಟ್ರುಗಳಾಗಿರಲಿ. ಮಕ್ಕಳು ಎಲ್ಲಿ ಎಡವುತ್ತಾರೆ ಅಂತ ಅವರಿಗೆ ಗೊತ್ತು, ನಮಗೆ ಗೊತ್ತಿಲ್ಲ. ಬಹು ಆಯ್ಕೆ ಪ್ರಶ್ನೆಯ ಜೀವ ಇರುವುದು ತಪ್ಪು ಆಯ್ಕೆಗಳಲ್ಲಿ. ಒಂದು ಉದಾಹರಣೆ ನೋಡಿ. ಲೋಹದ ತಂತಿಯೊಂದನ್ನು ಎಳೆದು ಉದ್ದವನ್ನು ಎರಡರಷ್ಟು ಮಾಡಿದರೆ ಅದರ ರೋಧ ಎಷ್ಟಾಗುತ್ತದೆ? ನಮಗೆ ಮೊದಲು ಬಂದ ಆಯ್ಕೆಗಳು ನಾಲ್ಕು ಪಟ್ಟು, ಏಳು ಪಟ್ಟು, ಹತ್ತು ಪಟ್ಟು, ನೂರು ಪಟ್ಟು. ಏಳು ಪಟ್ಟು ಅಂತ ಯಾವ ಮಗುವೂ ಯೋಚಿಸುವುದಿಲ್ಲ, ಸುಮ್ನೆ ಜಾಗ ತುಂಬಿಸಿದ್ದು. ತಿದ್ದಿದ ಮೇಲೆ ಹೀಗಾಯಿತು: ನಾಲ್ಕು ಪಟ್ಟು, ಎರಡು ಪಟ್ಟು, ಅರ್ಧ, ಬದಲಾಗುವುದಿಲ್ಲ. ಎರಡು ಪಟ್ಟು ಅನ್ನುವ ಮಗು ಉದ್ದವನ್ನು ಮಾತ್ರ ನೋಡಿದೆ, ಎಳೆದಾಗ ತಂತಿ ಸಣ್ಣಗಾಗುತ್ತದೆ ಅನ್ನುವುದನ್ನು ಮರೆತಿದೆ. ಅರ್ಧ ಅನ್ನುವ ಮಗು ಸೂತ್ರವನ್ನು ತಲೆಕೆಳಗು ಮಾಡಿದೆ. ಬದಲಾಗುವುದಿಲ್ಲ ಅನ್ನುವ ಮಗುವಿಗೆ ರೋಧವೂ ರೋಧಶೀಲತೆಯೂ (ಅದು ಲೋಹದ ಗುಣ, ಎಳೆದರೂ ಬದಲಾಗದ್ದು) ಒಂದೇ. ಈಗ ಮಗು ತಪ್ಪು ಮಾಡಿದರೂ ಮೇಷ್ಟ್ರಿಗೆ ಒಂದು ಸುದ್ದಿ ಸಿಗುತ್ತದೆ.

"ಮೇಲಿನ ಎಲ್ಲವೂ" ಅನ್ನುವ ಆಯ್ಕೆಯನ್ನು ನಾವು ನಿಷೇಧಿಸಿದ್ದೇವೆ. ಎಲ್ಲಕ್ಕಿಂತ ಉದ್ದದ ಆಯ್ಕೆಯೇ ಸರಿ ಉತ್ತರ ಆಗುವುದು ಇನ್ನೊಂದು ಚಾಳಿ. ಬರೆಯುವವರು ಸರಿ ಉತ್ತರವನ್ನು ಜೋಪಾನವಾಗಿ, ಎಲ್ಲ ಷರತ್ತು ಸೇರಿಸಿ ಬರೆಯುತ್ತಾರೆ, ಉಳಿದವನ್ನು ಎರಡು ಪದದಲ್ಲಿ ಮುಗಿಸುತ್ತಾರೆ. ಮಕ್ಕಳು ಇದನ್ನು ನಮಗಿಂತ ಮೊದಲು ಪತ್ತೆ ಹಚ್ಚುತ್ತಾರೆ.

ಪ್ರತಿ ಪ್ರಶ್ನೆಗೂ ಎಕ್ಸೆಲ್ಲಿನಲ್ಲಿ ಒಂದು ಸಾಲು. ಗುರುತಿನ ಸಂಖ್ಯೆ, ಪಾಠ, ಕಲಿಕಾಂಶ, ಮಟ್ಟ, ಅಂಕ, ಪುಸ್ತಕದ ಪುಟ, ಎಷ್ಟನೇ ಮುದ್ರಣ, ಬರೆದವರು, ತಿದ್ದಿದವರು. ಗುರುತಿನ ಸಂಖ್ಯೆಯನ್ನು ಒಮ್ಮೆ ಕೊಟ್ಟರೆ ಮುಗಿಯಿತು, ಪ್ರಶ್ನೆ ಕೈಬಿಟ್ಟರೂ ಆ ಸಂಖ್ಯೆಯನ್ನು ಬೇರೆಯದಕ್ಕೆ ಕೊಡಬೇಡಿ. ಕೀ ಉತ್ತರ ಬೇರೆ ಫೈಲಿನಲ್ಲಿರಲಿ, ಎರಡನ್ನೂ ಜೋಡಿಸುವುದು ಆ ಸಂಖ್ಯೆ ಮಾತ್ರ. ಪರಿಶೀಲನೆಗೆ ಎರಡನೇ ಮೇಷ್ಟ್ರಿಗೆ ಕಳಿಸುವಾಗ ಕೀ ಕಳಿಸಬಾರದು. ಅವರು ತಾವೇ ಬಿಡಿಸಲಿ. ಅವರ ಉತ್ತರಕ್ಕೂ ನಿಮ್ಮ ಕೀಗೂ ತಾಳೆ ಆಗದಿದ್ದರೆ, ಇಬ್ಬರನ್ನೂ ಫೋನಿನಲ್ಲಿ ಕೂಡಿಸಿ. ಕೀ ಎದುರಿಗಿದ್ದರೆ ಯಾರೇ ಆದರೂ ತಲೆ ಆಡಿಸಿ ಮುಂದೆ ಹೋಗುತ್ತಾರೆ, ನಾನೂ ಅಷ್ಟೇ.

ಲೆಕ್ಕದ ಪ್ರಶ್ನೆಗಳಿಗೆ ಒಂದು ಒಳ್ಳೆ ಉಪಾಯ ಇದೆ. ಮೂಡಲ್ ಅಂದರೆ ಶಾಲೆ ಕಾಲೇಜುಗಳು ಆನ್‌ಲೈನ್ ಪಾಠ, ಪರೀಕ್ಷೆಗೆ ಬಳಸುವ ತಂತ್ರಾಂಶ. ಮೂಡಲ್‌ನಲ್ಲಿ 'ಕ್ಯಾಲ್ಕುಲೇಟೆಡ್' ಅನ್ನುವ ಪ್ರಶ್ನೆ ಬಗೆ ಇದೆ, ಸಂಖ್ಯೆಯ ಜಾಗದಲ್ಲಿ ಒಂದು ಹೆಸರು ಇಟ್ಟು ಸೂತ್ರ ಬರೆದರೆ ಸಾಕು, ಅಸಲು, ಬಡ್ಡಿ ದರ, ವರ್ಷ ಇವನ್ನು ಅದೇ ಪ್ರತಿ ಮಗುವಿಗೂ ಬೇರೆ ಬೇರೆ ಹಾಕುತ್ತದೆ. ಇಂಥ ಪ್ರಶ್ನೆ ಸೋರಿದರೆ ಸೋರಲಿ ಬಿಡಿ. ಉತ್ತರ ಬಾಯಿಪಾಠ ಮಾಡಿ ಏನೂ ಪ್ರಯೋಜನವಿಲ್ಲ, ಲೆಕ್ಕ ಮಾಡಲೇಬೇಕು.

ಕನ್ನಡದ್ದೇ ಆದ ತಲೆನೋವು

ನಮ್ಮ ಡಿಟಿಪಿಯವರು ಇನ್ನೂ ಪೇಜ್‌ಮೇಕರ್, ಹಳೆಯ ನುಡಿ ಫಾಂಟಿನಲ್ಲೇ ಪುಸ್ತಕ ಕಟ್ಟುವುದು. ಅಲ್ಲಿಂದ ಕಾಪಿ ಮಾಡಿ ಮೂಡಲ್‌ಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಸ ಬರುತ್ತದೆ. ಕನ್ವರ್ಟರ್ ಹಾಕಿದರೆ ಮುಕ್ಕಾಲು ಪಾಲು ಸರಿಹೋಗುತ್ತದೆ, ಆದರೆ ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪುತ್ತದೆ, ನಡುವೆ ಇದ್ದ ಇಂಗ್ಲಿಷ್ ಪದಗಳೂ ಸೂತ್ರಗಳೂ ಅರ್ಥವಿಲ್ಲದ ಕನ್ನಡ ಆಗಿಬಿಡುತ್ತವೆ. ಹಾಗಾಗಿ ಪ್ರಶ್ನೆಗಳನ್ನು ಮೊದಲ ದಿನದಿಂದ, ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿ. ಅಚ್ಚಿಗೆ ಬೇಕಾದಾಗ ಯೂನಿಕೋಡ್‌ನಿಂದ ಹಳೆಯ ಫಾಂಟಿಗೆ ಬದಲಿಸಿಕೊಳ್ಳಿ.

ಇದಕ್ಕಿಂತ ಸೂಕ್ಷ್ಮವಾದ ಪೇಚು ಒಂದಿದೆ. ಬಿಟ್ಟ ಸ್ಥಳ ತುಂಬಿರಿ ಪ್ರಶ್ನೆಯಲ್ಲಿ ಸರಿ ಉತ್ತರ 'ಗಂಧಕ'. ಒಂದು ಮಗು 'ಗ೦ಧಕ' ಅಂತ ಬರೆದಿದೆ, ಕಂಪ್ಯೂಟರ್ ತಪ್ಪು ಅನ್ನುತ್ತಿದೆ. ಎರಡೂ ಕಣ್ಣಿಗೆ ಒಂದೇ ಅಲ್ವಾ? ಎರಡನೆಯದರಲ್ಲಿ ಇರುವುದು ಅನುಸ್ವಾರ ಅಲ್ಲ, ಕನ್ನಡದ ಅಂಕಿ ಸೊನ್ನೆ. 'ಜೀವಕೋಶ' ಇನ್ನೂ ತಮಾಷೆ. ಆ 'ಕೋ' ಒಳಗಿನ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ, ಊಕಾರ, ದೀರ್ಘದ ಚಿಹ್ನೆ ಅಂತ ಮೂರು ತುಂಡಾಗಿಯೂ ಇಡಬಹುದು. ಪರದೆಯ ಮೇಲೆ ವ್ಯತ್ಯಾಸವೇ ಕಾಣುವುದಿಲ್ಲ. ಪರಿಹಾರ ಏನೆಂದರೆ, ಕೀ ಉತ್ತರವನ್ನೂ ಮಗುವಿನ ಉತ್ತರವನ್ನೂ ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕು. ಇದಕ್ಕೆ ಎನ್‌ಎಫ್‌ಸಿ ಅಂತ ಒಂದು ನಿಗದಿತ ವಿಧಾನ ಇದೆ, ಪ್ರೋಗ್ರಾಂ ಬರೆಯುವವರಿಗೆ ಒಂದು ಸಾಲಿನ ಕೆಲಸ. ಸೊನ್ನೆ ಮತ್ತು ಅನುಸ್ವಾರದ ಗೊಂದಲ ಅದರಿಂದ ಸರಿಹೋಗುವುದಿಲ್ಲ, ಅದನ್ನು ಬೇರೆಯಾಗಿ ಬದಲಿಸಬೇಕು. ಇಷ್ಟೆಲ್ಲ ಮಾಡಲು ಆಗದಿದ್ದರೆ ಕನ್ನಡ ಮಾಧ್ಯಮದ ಪರೀಕ್ಷೆಯಲ್ಲಿ ಬಿಟ್ಟ ಸ್ಥಳದ ಪ್ರಶ್ನೆಯನ್ನು ಕಂಪ್ಯೂಟರಿನಿಂದ ತಿದ್ದಿಸಲೇಬೇಡಿ. ಮಗು ಸರಿ ಬರೆದು ಸೊನ್ನೆ ತೆಗೆದುಕೊಳ್ಳುವುದು ಅನ್ಯಾಯ.

ಯಾವ ರೂಪದಲ್ಲಿ ಇಡಬೇಕು

ಪಿಡಿಎಫ್ ಕೋಠಿ ಅಲ್ಲ, ಅದು ಬರೀ ಪ್ರಿಂಟು. ಮೂಡಲ್ ಬಳಸುವ ಕಾಲೇಜುಗಳಿಗೆ ಗಿಫ್ಟ್ ಅನ್ನುವ ರೂಪ ತುಂಬ ಸರಳ, ನೋಟ್‌ಪ್ಯಾಡಿನಲ್ಲೇ ಬರೆಯಬಹುದು. ನಮ್ಮ ತಂತಿಯ ಪ್ರಶ್ನೆ ಅದರಲ್ಲಿ ಹೀಗಿರುತ್ತದೆ:

ತಂತಿಯೊಂದನ್ನು ಎಳೆದು ಉದ್ದವನ್ನು ಎರಡರಷ್ಟು ಮಾಡಿದರೆ ಅದರ ರೋಧ ಎಷ್ಟಾಗುತ್ತದೆ? {
=ನಾಲ್ಕು ಪಟ್ಟು
~ಎರಡು ಪಟ್ಟು#ಉದ್ದ ಮಾತ್ರ ನೋಡಿದ್ದೀರಿ, ತಂತಿ ಸಣ್ಣಗಾಗಿದ್ದನ್ನೂ ನೋಡಿ
~ಅರ್ಧ
~ಬದಲಾಗುವುದಿಲ್ಲ
}

ಸಮ ಚಿಹ್ನೆ ಇದ್ದದ್ದು ಸರಿ ಉತ್ತರ, ಅಲೆ ಚಿಹ್ನೆ ಇದ್ದದ್ದು ತಪ್ಪು, ಹ್ಯಾಶ್ ಆದಮೇಲೆ ಬರುವುದು ಮಗುವಿಗೆ ಕಾಣುವ ಮಾತು. ಪ್ರಶ್ನೆಯ ಒಳಗೇ ಸಮ ಚಿಹ್ನೆ ಬರುವ ಹಾಗಿದ್ದರೆ ಅದಕ್ಕಿಂತ ಮೊದಲು ಒಂದು ಬ್ಯಾಕ್‌ಸ್ಲ್ಯಾಶ್ ಹಾಕಿ, ಇಲ್ಲದಿದ್ದರೆ ಗಣಿತದ ಪ್ರಶ್ನೆಗಳೆಲ್ಲ ಎಡವಟ್ಟಾಗುತ್ತವೆ. ಬೇರೆ ಬೇರೆ ವ್ಯವಸ್ಥೆಗಳಿಗೆ ಕೊಡಬೇಕಾದರೆ ಕ್ಯೂಟಿಐ ಅನ್ನುವ ಸಾಮಾನ್ಯ ಮಾನಕ ಇದೆ. ಅದನ್ನು ರೂಪಿಸಿದ ಐಎಂಎಸ್ ಗ್ಲೋಬಲ್ ಸಂಸ್ಥೆ 2022ರಲ್ಲಿ ಒನ್‌ಎಡ್‌ಟೆಕ್ ಅಂತ ಹೆಸರು ಬದಲಿಸಿಕೊಂಡಿದೆ. ಎಲ್ಲರೂ ಎಲ್ಲ ಆವೃತ್ತಿಯನ್ನೂ ಓದುವುದಿಲ್ಲ, ಹಾಗಾಗಿ ಕೊಳ್ಳುವ ಕಾಲೇಜಿಗೆ ಮೊದಲು ಐದೇ ಪ್ರಶ್ನೆಯ ಸ್ಯಾಂಪಲ್ ಕಳಿಸಿ ನೋಡಿ.

ಪ್ರಯೋಗ ಮಾಡದೆ ಬಿಡಬೇಡಿ

ಕೋಠಿ ಸಿದ್ಧ ಆದಮೇಲೆ ಒಂದೆರಡು ಶಾಲೆಗಳಲ್ಲಿ ಪ್ರಯೋಗ ಮಾಡಿಸಿ. 200 ಮಕ್ಕಳು ಬರೆದರು ಅಂತಿಟ್ಟುಕೊಳ್ಳಿ. ಒಟ್ಟು ಅಂಕದ ಪ್ರಕಾರ ಜೋಡಿಸಿ, ಮೇಲಿನ ಶೇ. 27 ಮತ್ತು ಕೆಳಗಿನ ಶೇ. 27 ಮಕ್ಕಳನ್ನು ತೆಗೆದುಕೊಳ್ಳಿ, ಅಂದರೆ 54 ಮತ್ತು 54. ಒಂದು ಪ್ರಶ್ನೆಗೆ ಮೇಲಿನವರಲ್ಲಿ 45 ಮಕ್ಕಳು, ಕೆಳಗಿನವರಲ್ಲಿ 18 ಮಕ್ಕಳು ಸರಿ ಬರೆದಿದ್ದರೆ 45ರಲ್ಲಿ 18 ಕಳೆದು 54ರಿಂದ ಭಾಗಿಸಿ. 0.5 ಬಂತು, ಅಂದರೆ ಓದುವವರನ್ನೂ ಓದದವರನ್ನೂ ಚೆನ್ನಾಗಿ ಬೇರ್ಪಡಿಸುವ ಒಳ್ಳೆ ಪ್ರಶ್ನೆ. 0.2ಕ್ಕಿಂತ ಕಡಿಮೆ ಬಂದರೆ ತಿದ್ದಿ ಅಥವಾ ಬಿಸಾಕಿ. ಮೈನಸ್ ಬಂದರೆ, ಅಂದರೆ ಓದುವ ಮಕ್ಕಳು ತಪ್ಪು ಬರೆದು ಓದದವರು ಸರಿ ಬರೆದಿದ್ದರೆ, ಮಕ್ಕಳನ್ನು ಬಯ್ಯುವ ಮೊದಲು ನಿಮ್ಮ ಕೀ ನೋಡಿ. ನಮ್ಮ 212ನೇ ಪ್ರಶ್ನೆ ಹೀಗೇ ಸಿಕ್ಕಿಬಿದ್ದದ್ದು. ಕೀಯೇ ತಪ್ಪಾಗಿತ್ತು, ಇಬ್ಬರು ಪ್ರೂಫ್ ನೋಡಿದ್ದರೂ ಕಂಡಿರಲಿಲ್ಲ. ಮೊದಲ ಸಲ ನಾವು ಈ ಪ್ರಯೋಗವನ್ನು ಹಂಚಿದ ಮೇಲೆ ಮಾಡಿದ್ದೆವು, ಆ ಕಥೆಗೆ ಆಮೇಲೆ ಬರುತ್ತೇನೆ.

ಹಂಚುವುದು

ಮೊದಲ ಬೀಗ ಕಂಪ್ಯೂಟರಿನದ್ದಲ್ಲ, ಮನುಷ್ಯರದ್ದು. ಕೇಳುತ್ತಿರುವವರು ನಿಜವಾಗಿ ಮೇಷ್ಟ್ರೇನಾ? ಜಿಮೇಲ್ ವಿಳಾಸದಿಂದ "ನಾನು ಇಂಥ ಶಾಲೆಯ ವಿಜ್ಞಾನ ಶಿಕ್ಷಕ" ಅಂತ ಯಾರು ಬೇಕಾದರೂ ಬರೆಯಬಹುದು. ನಾವು ಯು-ಡೈಸ್ ಸಂಖ್ಯೆ, ಅಂದರೆ ಪ್ರತಿ ಶಾಲೆಗೂ ಸರ್ಕಾರ ಕೊಟ್ಟ 11 ಅಂಕಿಯ ಗುರುತಿನ ಸಂಖ್ಯೆ ಕೇಳುತ್ತೇವೆ. ಅದು ಗುಟ್ಟಿನ ಸಂಖ್ಯೆಯೇನಲ್ಲ, ಹಾಗಾಗಿ ಅಷ್ಟಕ್ಕೇ ನಂಬುವುದೂ ಇಲ್ಲ. ಶಾಲೆಯ ಆಫೀಸಿಗೆ ನಾವೇ ಫೋನ್ ಮಾಡುತ್ತೇವೆ. ಕೇಳಿದವರು ಕೊಟ್ಟ ನಂಬರಿಗಲ್ಲ, ನಾವೇ ಬೇರೆ ಕಡೆಯಿಂದ ಹುಡುಕಿದ ನಂಬರಿಗೆ. "ಸಾರ್, ನಿಮ್ಮಲ್ಲಿ ಹತ್ತನೇ ಕ್ಲಾಸಿಗೆ ವಿಜ್ಞಾನ ಯಾರು ತಗೋತಾರೆ?" ಅಂತ ಒಂದೇ ಪ್ರಶ್ನೆ. ಎರಡು ನಿಮಿಷದ ಕೆಲಸ. ಈ ಕರೆಗೆ ಬೇಜಾರು ಮಾಡಿಕೊಂಡ ನಿಜವಾದ ಮೇಷ್ಟ್ರು ನನಗೆ ಇದುವರೆಗೆ ಸಿಕ್ಕಿಲ್ಲ. ಟ್ಯೂಷನ್ ನಡೆಸುವ ಒಬ್ಬರು ಸಿಕ್ಕಿದ್ದರು.

ಎರಡನೆಯದು, ಸಾಧ್ಯವಾದಷ್ಟು ಫೈಲನ್ನೇ ಕೊಡಬೇಡಿ. ಪ್ರಶ್ನೆಗಳು ನಿಮ್ಮ ಸರ್ವರಿನಲ್ಲೇ ಇರಲಿ, ಮೇಷ್ಟ್ರು ಲಾಗಿನ್ ಆಗಿ ತಮಗೆ ಬೇಕಾದ 25 ಆರಿಸಿಕೊಂಡು ಪತ್ರಿಕೆ ಕಟ್ಟಿಕೊಳ್ಳಲಿ. ಕಾಲೇಜಿನ ಮೂಡಲ್‌ಗೆ ಎಲ್‌ಟಿಐ ಅನ್ನುವ ಕೊಂಡಿ ಹಾಕಿದರೆ ಮಕ್ಕಳು ಅಲ್ಲಿಂದಲೇ ಪರೀಕ್ಷೆ ಬರೆಯುತ್ತಾರೆ, ಪೂರ್ತಿ ಕೋಠಿ ಎಲ್ಲಿಗೂ ಹೋಗುವುದಿಲ್ಲ, ಅಂಕ ಮಾತ್ರ ಕಾಲೇಜಿಗೆ ವಾಪಸ್ ಹೋಗುತ್ತದೆ. ಆಗ ಸೋರಿದರೂ 25 ಪ್ರಶ್ನೆ ಸೋರುತ್ತದೆ, 400 ಅಲ್ಲ. ಪ್ರತಿಯೊಬ್ಬರಿಗೂ ಬೇರೆ ಲಾಗಿನ್, ಫೋನಿಗೆ ಒಟಿಪಿ. ಡೌನ್‌ಲೋಡ್ ಲಿಂಕ್ ಮೂರು ದಿನಕ್ಕೆ ಸತ್ತುಹೋಗಲಿ. ಯಾರು ಯಾವಾಗ ಏನು ತೆಗೆದರು ಅನ್ನುವ ಲಾಗ್ ಇಟ್ಟು, ವಾರಕ್ಕೊಮ್ಮೆ ಒಬ್ಬರು ಅದನ್ನು ಓದಲಿ. ಬೆಳಗಿನ ಜಾವ ಎರಡು ಗಂಟೆಗೆ ಒಂದೇ ಲಾಗಿನ್ನಿನಿಂದ ಹದಿನಾಲ್ಕು ಪಾಠದ ಪ್ರಶ್ನೆ ಇಳಿದಿದ್ದರೆ, ಅವರು ನಾಳೆ ಕಿರುಪರೀಕ್ಷೆ ಮಾಡುವ ಮೇಷ್ಟ್ರಲ್ಲ.

ಹಳ್ಳಿ ಕಡೆಯ ಶಾಲೆಗಳಿಗೆ ನೆಟ್ ಕೈಕೊಡುತ್ತದೆ, ಫೈಲೇ ಬೇಕು ಅನ್ನುತ್ತಾರೆ, ಸರಿಯಾದ ಮಾತೇ. ಆಗ ಸೆವೆನ್-ಜಿಪ್‌ನಲ್ಲಿ ಎಇಎಸ್-256 ಅನ್ನುವ ಬಲವಾದ ಗುಪ್ತಲಿಪಿ ವಿಧಾನ ಆರಿಸಿ ಕಟ್ಟಿ. ಹಳೆಯ ಜಿಪ್‌ಕ್ರಿಪ್ಟೋ ದುರ್ಬಲ, ಅದನ್ನು ಒಡೆಯುವ ಸಾಧನಗಳು ಪುಕ್ಕಟೆ ಸಿಗುತ್ತವೆ. ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್. ಫೈಲು ಮೇಲ್‌ನಲ್ಲಿ ಹೋದರೆ ಪಾಸ್‌ವರ್ಡ್ ಫೋನಿನಲ್ಲಿ ಹೋಗಲಿ.

ನನಗೆ ತುಂಬ ಇಷ್ಟವಾದದ್ದು ಗುರುತು ಹಾಕುವ ಕೆಲಸ. ಪುಟದ ಕೆಳಗೆ ಮೇಷ್ಟ್ರ ಹೆಸರು, ಶಾಲೆಯ ಹೆಸರು ತಿಳಿಬಣ್ಣದಲ್ಲಿ ಇರಲಿ, ಅದು ನೋಡಿದವರಿಗೆ ಒಂದು ಎಚ್ಚರಿಕೆ. ಆದರೆ ಅದನ್ನು ಕತ್ತರಿಸಿ ಸ್ಕ್ರೀನ್‌ಶಾಟ್ ತೆಗೆಯುವುದು ಒಂದು ಕ್ಷಣದ ಕೆಲಸ. ಆದ್ದರಿಂದ ಪ್ರಶ್ನೆಯ ಮಾತಿನಲ್ಲೇ ಗುರುತು ಇಡಬೇಕು. ಕೋಠಿಯಲ್ಲಿ ಹತ್ತು ಪ್ರಶ್ನೆ ಆರಿಸಿ, ಪ್ರತಿಯೊಂದಕ್ಕೂ ಎರಡು ರೂಪ ಬರೆಯಿರಿ: ಒಂದರಲ್ಲಿ "ರಮೇಶನು ಅಂಗಡಿಯಿಂದ", ಇನ್ನೊಂದರಲ್ಲಿ "ಅಂಗಡಿಯಿಂದ ರಮೇಶನು". ಅರ್ಥ ಒಂದೇ, ಉತ್ತರ ಒಂದೇ. ಹತ್ತು ಕಡೆ ಎರಡೆರಡು ಅಂದರೆ 1024 ಬೇರೆ ಬೇರೆ ಪ್ರತಿ ಆಯಿತು. ಯಾರಿಗೆ ಯಾವ ಜೋಡಣೆ ಕೊಟ್ಟಿರಿ ಅಂತ ಬರೆದಿಡಿ. ಆಮೇಲೆ ಯಾರಾದರೂ ಫೋಟೋ ಹೊಡೆದು ಹಾಕಲಿ, ಮತ್ತೆ ಟೈಪ್ ಮಾಡಿ ಹಾಕಲಿ, ಮಾತು ಹಾಗೇ ಉಳಿದಿರುತ್ತದೆ. ಗುರುತಿನ ಪ್ರಶ್ನೆಗಳನ್ನು ಎಲ್ಲ ಪಾಠಗಳಿಗೂ ಹರಡಿ, ಅರ್ಧ ಫೈಲು ಸಿಕ್ಕಿದರೂ ಕೆಲವು ಸಿಗುತ್ತವೆ. ಒಂದೆರಡು ಮಾತ್ರ ಸಿಕ್ಕಿದರೆ ಯಾರ ಮೇಲೂ ಆರೋಪ ಹೊರಿಸಬೇಡಿ, ಅದೇ ಜೋಡಣೆ ಹತ್ತಾರು ಜನರ ಪ್ರತಿಯಲ್ಲಿರುತ್ತದೆ.

ಇನ್ನು ಮನೆಯೊಳಗಿನ ಸೋರಿಕೆ. 2016ರಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪತ್ರಿಕೆ ಸೋರಿ, ಮಾರ್ಚ್ 31ಕ್ಕೆ ಇಟ್ಟ ಮರುಪರೀಕ್ಷೆಯದ್ದೂ ಸೋರಿ, ಮಕ್ಕಳು ಕೊನೆಗೆ ಏಪ್ರಿಲ್ 12ಕ್ಕೆ ಬರೆದದ್ದು ನೆನಪಿರಬಹುದು. ಅಷ್ಟು ದೊಡ್ಡ ವ್ಯವಸ್ಥೆಗೇ ಹಾಗಾಗಿರುವಾಗ ನಮ್ಮದೇನು. ಡಿಟಿಪಿಯವರ ಪೆನ್‌ಡ್ರೈವ್, ಪ್ರೂಫ್ ನೋಡುವವರ ಮನೆಯ ಕಂಪ್ಯೂಟರ್, ಪ್ರೆಸ್ಸಿನಲ್ಲಿ ಬಿದ್ದಿರುವ ಹಾಳು ಪ್ರತಿ, ಕೆಲಸ ಬಿಟ್ಟುಹೋದವರ ಹಳೆಯ ಲಾಗಿನ್, ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ನೋಡಿ, ಎಷ್ಟು ಬಾಗಿಲು ತೆರೆದಿವೆ ಅಂತ ಗೊತ್ತಾಗುತ್ತದೆ. ಯಾರಿಗೂ ಪೂರ್ತಿ ಕೋಠಿ ಬೇಡ. ಬರೆಯುವವರಿಗೆ ಅವರವರ ಪಾಠ, ಡಿಟಿಪಿಯವರಿಗೆ ಪ್ರಶ್ನೆ ಮಾತ್ರ, ಕೀ ಒಬ್ಬರ ಹತ್ತಿರ.

ಸೋರಿದ ಮೇಲೆ

ಚಾನೆಲ್ಲಿನಲ್ಲಿ ಕಂಡ ಕೂಡಲೇ ಲಿಂಕು, ತಾರೀಕು, ಸ್ಕ್ರೀನ್‌ಶಾಟ್ ಎಲ್ಲ ತೆಗೆದಿಟ್ಟುಕೊಳ್ಳಿ, ಆಮೇಲೆ ದೂರು. ಕಾಪಿರೈಟ್ ನಿಯಮಗಳು, 2013ರ 75ನೇ ನಿಯಮದ ಪ್ರಕಾರ ಬರೆದು ದೂರು ಕೊಟ್ಟರೆ, ದೂರಿನ ವಿವರ ಸರಿಯಿದ್ದಾಗ, ಅದನ್ನು ಇಟ್ಟುಕೊಂಡಿರುವ ಸಂಸ್ಥೆ 36 ಗಂಟೆಯೊಳಗೆ ತೆಗೆಯಬೇಕು. 21 ದಿನದೊಳಗೆ ನೀವು ಕೋರ್ಟಿನ ಆದೇಶ ತರದಿದ್ದರೆ ಅವರು ಮತ್ತೆ ಹಾಕಿಕೊಳ್ಳಬಹುದು, ಅದೂ ಗೊತ್ತಿರಲಿ. ದೂರಿನಲ್ಲಿ ಹಕ್ಕು ನಿಮ್ಮದು ಅಂತ ತೋರಿಸಬೇಕು, ಹಾಗಾಗಿ ಬರೆದ ಮೇಷ್ಟ್ರುಗಳ ಜೊತೆ ಒಪ್ಪಂದ ಕಾಗದದಲ್ಲೇ ಇರಬೇಕು, ಬಾಯಿಮಾತು ಸಾಲದು. ಇನ್ನೊಂದು ವಿಷಯ, ಯಾವುದೋ ಶಾಲೆಯ ಕಿರುಪರೀಕ್ಷೆಯಲ್ಲಿ ನಿಮ್ಮ ಪ್ರಶ್ನೆ ಕಂಡರೆ ಜಗಳಕ್ಕೆ ಹೋಗಬೇಡಿ. ಪರೀಕ್ಷೆಯ ಪ್ರಶ್ನೆಯ ಭಾಗವಾಗಿ ಬಳಸಿದ್ದು ಉಲ್ಲಂಘನೆ ಅಲ್ಲ ಅಂತ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಅಲ್ಲದೆ, ಪ್ರಶ್ನೆ ಬರೆದದ್ದೇ ಅದಕ್ಕಲ್ವಾ.

ಸೋರಿದ ಪ್ರಶ್ನೆಗಳನ್ನು ಬಿಸಾಕಬೇಡಿ. ಶಿಕ್ಷಕರ ಕೋಠಿಯಿಂದ ತೆಗೆದು, ವಿವರಣೆ ಬರೆದು ಮಕ್ಕಳ ಕೋಠಿಗೆ ಹಾಕಿ. ಅವುಗಳ ಜಾಗಕ್ಕೆ ಹೊಸದು ಬರೆಸಿ. ನಮ್ಮ ಆ 400 ಪ್ರಶ್ನೆಗಳಲ್ಲಿ ಒಳ್ಳೆಯವನ್ನೆಲ್ಲ ಹೀಗೇ ಮಾಡಿದೆವು, ಕೀ ತಪ್ಪಿದ್ದಲ್ಲಿ ತಿದ್ದಿದೆವು. ಟೆಲಿಗ್ರಾಂ ಪ್ರತಿ ಒಂದು ಕಡೆ ತೆಗೆಸಿದರೆ ಇನ್ನೊಂದು ಕಡೆ ಬರುತ್ತದೆ, ಈಗಲೂ ಆಗಾಗ ಯಾರೋ ಲಿಂಕ್ ಕಳಿಸುತ್ತಾರೆ. ಅದರಲ್ಲಿ 212ನೇ ಪ್ರಶ್ನೆಯ ಉತ್ತರ ಇವತ್ತಿಗೂ ತಪ್ಪಾಗಿಯೇ ಇದೆ.